ಲಕ್ಷ್ಮಮ್ಮನವರ ಹರಳೆಣ್ಣೆ

ನನ್ನ ಅಕ್ಷರ ಸೊಟ್ಟ. ಶಾಲೆ ಅರ್ಧಕ್ಕೇ ಬಿಟ್ಟವಳು, ಪದಗಳೂ ಸಾಲುವುದಿಲ್ಲ. ಓದುವವರು ಕ್ಷಮಿಸಬೇಕು. ಪಕ್ಕದ ಮನೆಯ ಲಕ್ಷ್ಮಮ್ಮನವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಲು ನೋಡಿದ್ದೇನೆ.

ಅರೆಕೆರೆಯ ಹಳೇ ಊರಿನಲ್ಲಿ ಹಸುಗೂಸಿಗೆ ನೀರು ಹಾಕಲು ಲಕ್ಷ್ಮಮ್ಮನೇ ಬರಬೇಕು. ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಹರಳೆಣ್ಣೆ ಹಚ್ಚಿ ಹೊಟ್ಟೆ ನೀವಿದರೆ ಎಂಥ ಹಟಮಾರಿ ಕೂಸೂ ನಿದ್ದೆಗೆ ಜಾರುತ್ತಿತ್ತು. ತಮ್ಮ ಕೈಯನ್ನು ಅವರು ಅಷ್ಟು ನಂಬಿದ್ದರು.

ಮೊಮ್ಮಗಳು ಸಿರಿಗೆ ಹಿಂದಿನ ವರ್ಷ ಅಪೆಂಡಿಕ್ಸ್ ಒಡೆದು ಆಪರೇಷನ್ ಆಗಿತ್ತು. ಗಾಯ ಮಾಯ್ದು ಮತ್ತೆ ಕುಂಟೆಬಿಲ್ಲೆ ಆಡುತ್ತಿದ್ದಳು. ಒಂದು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕೂತವಳು ತಿಂದದ್ದನ್ನೆಲ್ಲ ಕಕ್ಕಿದಳು.

"ಅತ್ತೆ, ವಾಂತಿ ಹೊಟ್ಟೆನೋವು ಬಂದ್ರೆ ತಕ್ಷಣ ಬನ್ನಿ ಅಂದಿದ್ರಲ್ಲ ಡಾಕ್ಟ್ರು?" ಎಂದಳು ಸಿರಿಯ ತಾಯಿ, ಸೊಸೆ ಅರ್ಪಿತ.

"ಹೊಲಿಗೆ ಬಿಚ್ಚಿ ವರ್ಷ ಆಯ್ತು ಕಣೆ. ನೆನ್ನೆ ಹಲಸಿನಹಣ್ಣು ಮುಕ್ಕಿದ್ದಾಳೆ, ಹೊಟ್ಟೆ ಕಟ್ಕೊಂಡಿದೆ ಅಷ್ಟೇ."

ಲಕ್ಷ್ಮಮ್ಮ ಬಿಸಿಹಾಲಿಗೆ ಹರಳೆಣ್ಣೆ ಬೆರೆಸಿ ತಂದರು.

"ಬೇಡಜ್ಜಿ, ನಾನೂ ನಿನ್ ತರಾನೇ ಎಣ್ಣೆ ವಾಸ್ನೆ ಹೊಡೀತೀನಿ."

"ಹೊಡೀಲಿ, ಬಾಯಿ ತೆಗಿ ಕೋತಿ."

ಮಧ್ಯಾಹ್ನದ ವಾಂತಿ ಹಸಿರಾಗಿತ್ತು. ಹೊಟ್ಟೆ ಬಿಗಿದು ಉಬ್ಬಿತ್ತು. ಎಷ್ಟು ನೀವಿದರೂ ಅದು ಲಕ್ಷ್ಮಮ್ಮನ ಕೈಗೆ ಬಗ್ಗಲಿಲ್ಲ. ಆಗ ಅವರಿಗೇ ಭಯವಾಗಿ, "ಆಟೋ ಕರಿ" ಎಂದು ಕೂಗಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಬಿಡಿಸಿ ಹೇಳಿದರು. "ಗಾಯ ಹೊರಗೆ ಮಾಯುತ್ತಮ್ಮ. ಒಳಗೆ ಕರುಳು ಅಂಟ್ಕೊಂಡಿರುತ್ತೆ, ಎಷ್ಟು ದಿನ ಆದ್ಮೇಲಾದ್ರೂ ಸಿಕ್ಕಾಕ್ಕೋಬಹುದು. ಇವಳದ್ದು ತಿರುಚ್ಕೊಂಡು ರಕ್ತ ನಿಂತೋಗಿದೆ. ಬೆಳಿಗ್ಗೇನೇ ಬರ್ಬೇಕಿತ್ತು."

ಮತ್ತೆ ಹೊಟ್ಟೆ ಕೊಯ್ದರು. ಸಿರಿ ಉಳಿಯಲಿಲ್ಲ.

ಅರ್ಪಿತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಲಕ್ಷ್ಮಮ್ಮ. ಊಟಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ, ಮುಖ ನೋಡುವುದಿಲ್ಲ. ಲಕ್ಷ್ಮಮ್ಮ ಎಣ್ಣೆಯನ್ನೆಲ್ಲ ಮೋರಿಗೆ ಸುರಿದರು. ಯಾರ ಕೂಸನ್ನೂ ಮುಟ್ಟಲಿಲ್ಲ.

ಇವತ್ತು ಹಿಂದಿನ ಬೀದಿಯ ಶಾಲಿನಿ ತಮ್ಮ ಬಾಣಂತಿ ಮಗಳ ಕೂಸಿಗೆ ನೀರು ಹಾಕಲು ಕರೆಯಬಂದು ಬಾಗಿಲಲ್ಲಿ ನಿಂತರು. ಲಕ್ಷ್ಮಮ್ಮ ಆಗುವುದಿಲ್ಲ ಎಂದು ತಲೆಯಾಡಿಸಿದರು. ಒಳಗಿನಿಂದ ಅರ್ಪಿತಳ ದನಿ ಬಂತು: "ಹೋಗಿ ಅತ್ತೆ. ಮಗು ಮೈಗೆ ನೀರು ಬೀಳ್ಲಿ."

ಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಶಾಲಿನಿಗೆ ಹೇಳಿದರು: "ನೀರು ಹಾಕ್ತೀನಿ. ಹೊಟ್ಟೆನೋವು ಅಂತ ಮಾತ್ರ ನನ್ನತ್ರ ತರ್ಬೇಡಿ, ಆಸ್ಪತ್ರೆಗೆ ಓಡಿ."

ನಾಳೆ ಬೆಳಿಗ್ಗೆ ಅವರು ಅಲ್ಲಿಗೆ ಹೋಗುತ್ತಾರೆ. ಬಿಸಿನೀರು ತೋಡಿಕೊಡಲು ನಾನೂ ಜೊತೆಗೆ ಹೋಗುತ್ತೇನೆ.