ಹಾವುಮೀನಿನ ಮೇಡಂ

ಗೋಕಾಕದ ನನ್ನ ಕಂಪ್ಯೂಟರ್ ಅಂಗಡಿಗೆ ನಕಾಶೆ ಪ್ರಿಂಟ್ ಮಾಡಿಸಲು ಬರುತ್ತಿದ್ದ ಆ ಸಂಶೋಧಕಿಯನ್ನು ನಾವು ಮೀನಿನ ಮೇಡಂ ಎನ್ನುತ್ತಿದ್ದೆವು. ಕುರ್ಚಿ ಕೊಟ್ಟರೂ ಕೂಡುತ್ತಿರಲಿಲ್ಲ. ಪ್ರಿಂಟರ್ ಕಿರುಗುಟ್ಟುವಷ್ಟು ಹೊತ್ತೂ ಜಡೆಯ ತುದಿಯನ್ನು ಬಿಚ್ಚುತ್ತ, ಹೆಣೆಯುತ್ತ ಅಡ್ಡಾಡುತ್ತಿದ್ದರು.

ಹಾವುಮೀನು ಕಡಲಲ್ಲಿ ಹುಟ್ಟಿ, ಅಳಿವೆಯಿಂದ ಹೊಳೆ ಹಿಡಿದು ಮೇಲೇರುತ್ತದೆ. ಅದು ಘಟಪ್ರಭೆಯಲ್ಲಿ ಎಲ್ಲೆಲ್ಲಿ ಬಾಳಬಲ್ಲದು ಎಂದು ನೀರಿನ ಆಳ, ಸೆಳವು ನೋಡಿ ಕಂಪ್ಯೂಟರಿನಲ್ಲಿ ಗುರುತಿಸುವುದು ಅವರ ಕೆಲಸ. ಒಳ್ಳೆಯ ಜಾಗಕ್ಕೆ ಹಸಿರು ಬಣ್ಣ. ನಕಾಶೆ ಹೊರಬಂದಾಗಲೆಲ್ಲ, “ಇದು ಮೀನಿಗೆ ಗೊತ್ತೈತೇನ್ರಿ?” ಎನ್ನುತ್ತಿದ್ದರು.

ಮೆಳವಂಕಿಯ ಹತ್ತಿರ ಹೊಳೆಯೆಲ್ಲ ಹಸಿರಾಗಿತ್ತು. ಆದರೆ ಮಳೆಗಾಲವಿಡೀ ಬಲೆ ಹಾಕಿಸಿದರೂ ಒಂದು ಹಾವುಮೀನೂ ಸಿಗಲಿಲ್ಲ. ಅಷ್ಟರಲ್ಲಿ ಅವರ ಸಾಹೇಬರು ನನ್ನ ಅಂಗಡಿಗೇ ಫೋನು ಮಾಡಿ, ಇದ್ದ ನಕಾಶೆಯನ್ನೇ ಕಳಿಸಿಬಿಡಿ ಎಂದು ಮೇಡಂಗೆ ಹೇಳಿದರು.

“ಹೆಂಗ ಕಳಸ್ಲಿರಿ?” ಮೇಡಂ ಫೋನಿನಲ್ಲೇ ಕೇಳಿದರು. “ನೀರು ಛಲೋ ಐತಿ, ಖರೆ. ಆದ್ರ ಕೆಳಗೆಲ್ಲಾ ಒಡ್ಡು ಕಟ್ಯಾರ. ಮೀನು ಇಲ್ಲೀತನಾ ಬರೂದು ಹೆಂಗ? ಆ ಲೆಕ್ಕಾನ ನಾವು ಹಿಡದಿಲ್ಲ.”

ಸಾಹೇಬರು ಒಪ್ಪಲಿಲ್ಲ. ಮರುವಾರವೇ ಮೇಡಂ ಕೆಲಸ ಬಿಟ್ಟರು.

“ಊರಿಗೆ ಹೊಂಟ್ರೇನ್ರಿ?” ಎಂದೆ.

“ಇಲ್ರಿ, ಸಮುದ್ರದ ಕಡೆ. ಮೀನು ಎಲ್ಲಿ ನಿಂತೈತಿ ನೋಡಬೇಕು.”

ಮುಂದಿನ ಮಳೆಗಾಲ ಅಂಗಡಿಯ ಫೋನು ರಿಂಗಾಯಿತು. ಹೆಸರನ್ನೂ ಹೇಳದೆ ಮೇಡಂ ಕೂಗಿದರು: “ಅದಾವ್ರಿ! ಸಮುದ್ರದಿಂದ ಮೊದಲನೇ ಒಡ್ಡಿನ ಕೆಳಗ, ಬೆರಳುದ್ದ ಮರಿ! ಹಸಿ ಗ್ವಾಡಿಗೆ ಮೈ ಹಚ್ಚಿ ಇನ್ನೂ ಏರಾಕ ನೋಡಾಕತ್ತಾವ್ರಿ!”