ಗುಂಡಿ ಡಬ್ಬಿಯ ಕಾಳು

ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್, ಟಕ್. ತಗಡಿನ ಮೇಲೆ ಉಗುರಿನಿಂದ ಬಡಿದ ಹಾಗೆ.

ಬೆಳಕು ಹರಿಯುತ್ತಿದ್ದಂತೆ ಮೇಲಿನಿಂದ ಶುರುವಾಗುವ ಈ ಸದ್ದನ್ನು ಕೇಳಿ, ಮೆಟ್ಟಿಲ ಬುಡದ ಮನೆಯ ಟೀಚರ್ ಮೊದಮೊದಲು ಎಲ್ಲೋ ನಲ್ಲಿ ಸೋರುತ್ತಿದೆ ಎಂದುಕೊಂಡಿದ್ದರು. ಪ್ಲಂಬರನ್ನೂ ಕರೆಸಿದರು. ಅವನು ಇದ್ದ ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿ, ಸೋರದಿದ್ದ ಒಂದನ್ನು ಸೋರುವ ಹಾಗೆ ಮಾಡಿ ಹೋದ. ಆಮೇಲೆ ಗೊತ್ತಾಯಿತು, ಅದು ನಲ್ಲಿಯಲ್ಲ, ಕಾಜದಕ್ಕನ ಕೋಣೆಯ ಪಾರಿವಾಳ ಎಂದು. ಕಾಳು ಹೆಕ್ಕಲು ಹೋಗಿ ಗುರಿ ತಪ್ಪಿ, ಅದರ ಕೊಕ್ಕು ಡಬ್ಬಿಯ ಅಂಚಿಗೆ ಬಡಿಯುತ್ತಿತ್ತು.

ಕಾಜದಕ್ಕ ಎಂಬ ಹೆಸರು ಅವಳಿಗೆ ಬಿದ್ದದ್ದು ಬೀದಿಯ ತುದಿಯ ಟೈಲರ್ ಅಂಗಡಿಯಲ್ಲಿ. ಅಂಗಿಗಳಿಗೆ ಗುಂಡಿ ತೂರಿಸುವ ಕಾಜ ಹಾಕಿ, ಗುಂಡಿ ಹೊಲಿಯುವುದು ಅವಳ ಕೆಲಸ. ಬಟ್ಟೆ ಕತ್ತರಿಸುವವರು ಮಾಸ್ಟರ್, ಮಿಷನ್ ತುಳಿಯುವವರು ಬೇರೆ. ಎಲ್ಲರ ಕೈ ದಾಟಿ ಅಂಗಿ ಕೊನೆಗೆ ಅವಳ ಮಡಿಲಿಗೆ ಬರುತ್ತದೆ. ಕೊನೆಗೆ ಬರುವುದರಿಂದ ತಡವಾದದ್ದೆಲ್ಲ ಅವಳ ತಪ್ಪೇ. ಗಿರಾಕಿ ಬಂದು ನಿಂತಾಗ ಮಾಸ್ಟರ್ ಅವಳ ಕಡೆ ಕೈ ತೋರಿಸಿ ಬಿಡುತ್ತಾರೆ. ಇಷ್ಟು ವರ್ಷದಲ್ಲಿ ಅವಳು ಅದಕ್ಕೆ ಎದುರಾಡಿದವಳಲ್ಲ. ಅರ್ಧ ಹಾಕಿದ ಕಾಜ ಬಿಟ್ಟು ತಲೆ ಎತ್ತಿದರೆ ದಾರ ಸಡಿಲವಾಗುತ್ತದೆ. ಅದಕ್ಕೇ ಅವಳು ಬೈಗುಳವನ್ನೂ ಬಗ್ಗಿಕೊಂಡೇ ಕೇಳುತ್ತಾಳೆ. ಹಾಗೆ ಬಗ್ಗಿ ಬಗ್ಗಿ ಕತ್ತಿನ ಎಡಗಡೆ ಒಂದು ನೋವು ಮನೆ ಮಾಡಿಕೊಂಡಿದೆ. ಮದುವೆ ಯಾಕಾಗಲಿಲ್ಲ ಎಂದು ಕೇಳುತ್ತಿದ್ದವರು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದಾರೆ. ನೋವು ಮಾತ್ರ ಬಿಟ್ಟಿಲ್ಲ.

ಅವಳು ಇರುವುದು ಅಣ್ಣನ ಮನೆಯ ಮೇಲೆ, ತಾರಸಿಗೆ ಹೋಗುವ ಮೆಟ್ಟಿಲ ಪಕ್ಕದ ಸಣ್ಣ ಕೋಣೆಯಲ್ಲಿ. ಅಣ್ಣ ಗೋಡೆಗಳಿಗೆ ಬಣ್ಣ ಹೊಡೆಯುವವನು. ಮೈಗೆ ಅಂಟಿದ ಬಣ್ಣ ತೊಳೆಯುವುದಕ್ಕೂ ಮೊದಲೇ ಅವನು ಸಾಯಂಕಾಲ ತಾರಸಿ ಹತ್ತುತ್ತಾನೆ. ಅಲ್ಲಿ ಅವನ ಪಾರಿವಾಳಗಳ ಗೂಡಿದೆ. ಎರಡು ಬೆರಳು ಬಾಯಿಗಿಟ್ಟು ಒಂದು ಸೀಟಿ ಹಾಕಿದರೆ ಆಕಾಶದ ಯಾವ ಮೂಲೆಯಲ್ಲಿದ್ದರೂ ಸರಿ, ಅವೆಲ್ಲ ಬಟ್ಟೆ ಕೊಡವಿದ ಹಾಗೆ ಸದ್ದು ಮಾಡುತ್ತ ಇಳಿಯುತ್ತವೆ. ಎಲ್ಲಕ್ಕಿಂತ ಮೊದಲು ಇಳಿಯುತ್ತಿದ್ದದ್ದು ಬೂದಿ. ಬೂದಿ ಬಣ್ಣದ್ದಾದ್ದರಿಂದ ಆ ಹೆಸರು. ದಿನವಿಡೀ ಬೇರೆಯವರ ಗೋಡೆಗೆ ಬಣ್ಣ ಹೊಡೆದು ಬೇರೆಯವರ ಮಾತು ಕೇಳಿ ಬಂದವನಿಗೆ, ತನ್ನ ಮಾತು ಕೇಳುವವರೂ ಇದ್ದಾರೆ ಎನ್ನಿಸುತ್ತಿದ್ದದ್ದು ಆ ಒಂದು ಗಳಿಗೆಯಲ್ಲಿ.

ಸಂತೆಯಿಂದ ತಂದ ಹೊಸ ಹಕ್ಕಿಯೊಂದರ ಜೊತೆ ರೋಗ ಬಂತು. ಮೊದಲು ಹಿಕ್ಕೆ ನೀರಾಯಿತು. ಆಮೇಲೆ ಒಂದು ಹಕ್ಕಿ ತನ್ನ ಬಾಲ ತಾನೇ ಹುಡುಕುವಂತೆ ಸುತ್ತತೊಡಗಿತು. ಇನ್ನೊಂದರ ಕತ್ತು ತಿರುಚಿ ತಲೆ ಬುಡಮೇಲಾಯಿತು. ಅಣ್ಣ ಕಾಯಿಲೆಯವನ್ನು ಬೇರೆ ಮಾಡಿ, ಗೋಣಿಚೀಲ ತಂದು, “ಒಂದ್ ನಿಮಿಷ ಇದರ ಬಾಯಿ ಹಿಡ್ಕೊ,” ಎಂದು ಕಾಜದಕ್ಕನಿಗೆ ಹೇಳಿದ. ಕಾಯಿಲೆ ಬಿದ್ದವುಗಳಲ್ಲಿ ಆಗ ಉಳಿದಿದ್ದವು ಮೂರು, ಬೂದಿಯೂ ಸೇರಿ. ಚೀಲದ ಬಾಯಿ ಯಾಕೆ ಹಿಡಿಯಬೇಕು ಎಂದು ಅವಳಿಗೆ ಗೊತ್ತಾಯಿತು.

“ನಾನು ನೋಡ್ಕೋತೀನಿ ಬಿಡು,” ಎಂದಳು.

ದೊಡ್ಡ ಕರುಣೆಯಿಂದೇನೂ ಅಲ್ಲ. ಅಂಗಡಿಯಿಂದ ಆಗಷ್ಟೇ ಬಂದಿದ್ದಳು. ಚೀಲ ಹಿಡಿದು ನಿಲ್ಲುವುದಕ್ಕಿಂತ ಆ ಮಾತು ಆಡುವುದು ಸುಲಭವಿತ್ತು. ಬಾಯಿಂದ ಜಾರಿದ ಮಾತು ಕೊರಳಿಗೆ ಬಿತ್ತು.

ಪಶುವೈದ್ಯೆ ರಟ್ಟಿನ ಪೆಟ್ಟಿಗೆಯಲ್ಲಿದ್ದ ಹಕ್ಕಿಗಳನ್ನು ನೋಡಿ ಏನನ್ನೂ ಮುಚ್ಚಿಡದೆ ಹೇಳಿದರು. “ಇದು ವೈರಸ್ಸಮ್ಮಾ. ಮಿದುಳು, ನರಕ್ಕೆ ಹತ್ತುತ್ತೆ. ಇದಕ್ಕೆ ಔಷಧಿ ಇಲ್ಲ.”

“ಹಾಗಾದ್ರೆ ಸಾಯುತ್ವಾ?”

“ಹೊಟ್ಟೆಗಿಲ್ದೆ ಸಾಯುತ್ವೆ. ಹಸಿವಿರುತ್ತೆ, ಕಾಳೂ ಕಾಣುತ್ತೆ, ಕೊಕ್ಕು ಮಾತ್ರ ಬೇರೆಲ್ಲೋ ಬೀಳುತ್ತೆ. ನೀವು ತಿನ್ನಿಸಿ, ನೀರು ಕುಡಿಸಿ. ಕತ್ತಲೆ ಕೋಣೆ, ಸದ್ದಿರಬಾರದು. ಬೆಚ್ಚಿದ್ರೆ ಮತ್ತೆ ತಿರುಚ್ಕೊಳ್ಳುತ್ತೆ. ಎಷ್ಟೋ ಹಕ್ಕಿ ತಾವಾಗೇ ಸುಧಾರಿಸ್ತವೆ. ವಾರಗಟ್ಟಲೆ ಹಿಡಿಯುತ್ತೆ, ತಿಂಗಳುಗಳೂ ಆಗ್ಬಹುದು. ಮೇಲಿನವಕ್ಕೆ ಲಸಿಕೆ ಹಾಕಿಸಿ. ಇವನ್ನ ಮುಟ್ಟಿದ ಕೈ, ಬಟ್ಟೆ ಅಲ್ಲಿಗೆ ಹೋಗ್ಬಾರದು.” ಪೆಟ್ಟಿಗೆ ಮುಚ್ಚುತ್ತ ಕೇಳಿದರು, “ಮನೇಲಿ ಸಹಾಯಕ್ಕೆ ಯಾರಿದಾರೆ?”

ಕಾಜದಕ್ಕ ಸ್ವಲ್ಪ ಯೋಚಿಸಿ, “ನಾನಿದೀನಿ,” ಎಂದಳು.

ಅಲ್ಲಿಂದ ಅವಳ ದಿನಕ್ಕೆ ಎರಡು ಬದಿಯಲ್ಲೂ ಹೊಸ ತುಂಡು ಜೋಡಿಸಿದ ಹಾಗಾಯಿತು. ಬಾಗಿಲ ಹೊರಗಿನ ಮೊಳೆಯಲ್ಲಿ ಅಣ್ಣನ ಹಳೆಯ ಅಂಗಿಯೊಂದನ್ನು ನೇತುಹಾಕಿದಳು. ಒಳಗೆ ಹೋಗುವಾಗ ಅದನ್ನು ತೊಡುವುದು, ಬಂದ ಮೇಲೆ ಕಳಚಿ ಕೈ ತಿಕ್ಕಿ ತೊಳೆಯುವುದು. ಹಕ್ಕಿಯನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟು, ಕಿರುಬೆರಳ ತುದಿಯಿಂದ ಕೊಕ್ಕು ಬಿಡಿಸಿ, ನೆನೆದ ಬಟಾಣಿಯನ್ನು ನಾಲಗೆಯ ಹಿಂದೆ ಇಟ್ಟು, ಅದು ನುಂಗುವವರೆಗೆ ಕಾಯುವುದು. ಒಂದು ಬಟಾಣಿ, ಮತ್ತೆ ಒಂದು. ಎದೆಯ ಚೀಲ ತುಂಬಿತೇ ಎಂದು ಬೆರಳಲ್ಲಿ ಒತ್ತಿ ನೋಡುವುದು. ಕೋಣೆಯಲ್ಲಿದ್ದ ತನ್ನ ಹಾಸಿಗೆಯನ್ನು ಹೊರಗಿನ ಮೊಗಸಾಲೆಗೆ ಎಳೆದುಕೊಂಡಿದ್ದಳು. ಸಾಯಂಕಾಲ ಅಣ್ಣ ತಾರಸಿ ಹತ್ತುವ ಹೊತ್ತಿಗೆ ಸರಿಯಾಗಿ ಕೋಣೆಯ ಕಿಟಕಿ ಮುಚ್ಚಿ, ಅಂಗಡಿಯಿಂದ ತಂದ ಚಿಂದಿಯನ್ನು ಸಂದುಗಳಿಗೆ ತುರುಕುತ್ತಿದ್ದಳು.

“ಚೆನ್ನಾಗಿದೆ ನಿಮ್ ಜೋಡಿ,” ಎಂದಳು ಅತ್ತಿಗೆ ಒಮ್ಮೆ, ಬಾಗಿಲಾಚೆಯಿಂದಲೇ ಇಣುಕಿ. “ನಿಂಗೂ ಕತ್ತು ಸೊಟ್ಟ, ಅದಕ್ಕೂ ಕತ್ತು ಸೊಟ್ಟ. ಅದರದ್ದು ಕತ್ತು ಏರಿಗೆ, ಕಾಲು ನೀರಿಗೆ. ನಿಂದು?”

“ನಂದು ಎರಡೂ ಅಂಗಡಿಗೆ,” ಎಂದಳು ಕಾಜದಕ್ಕ.

ಅತ್ತಿಗೆ ನಕ್ಕಳು. ನಕ್ಕ ಮೇಲೆ ಬಟಾಣಿ ನೆನೆಹಾಕುವ ಕೆಲಸವನ್ನು ಹೇಳಿಸಿಕೊಳ್ಳದೆ ತಾನೇ ತೆಗೆದುಕೊಂಡಳು. ಒಳಗೆ ಮಾತ್ರ ಕಾಲಿಡಲಿಲ್ಲ.

ಮೂರರಲ್ಲಿ ಒಂದು ಸತ್ತಿತು. ಅದನ್ನು ಅಂಗಿಯ ರಟ್ಟಿನ ಡಬ್ಬಿಯಲ್ಲಿಟ್ಟು ಹಿತ್ತಲಲ್ಲಿ ಆಳವಾಗಿ ಹೂತು, ಕೈ ತೊಳೆದು, ಅವಳು ಕೆಲಸಕ್ಕೆ ಹೋದಳು. ಎರಡನೆಯದು, ಎಲ್ಲರೂ ಮೊದ್ದು ಎಂದು ಕರೆಯುತ್ತಿದ್ದ ಬಿಳಿಯದು, ಯಾರೂ ಅಷ್ಟಾಗಿ ಆಸೆ ಇಟ್ಟುಕೊಳ್ಳದೆ ಇದ್ದಾಗ ಸದ್ದಿಲ್ಲದೆ ನೆಟ್ಟಗಾಯಿತು. ಬೂದಿ ಮಾತ್ರ ಅಡ್ಡಗೋಡೆಯ ಮೇಲಿನ ದೀಪ. ಒಂದು ದಿನ ತಲೆ ನೇರ, ಮರುದಿನ ಮತ್ತೆ ತಿರುಚಿ ಆಕಾಶ ನೋಡುವುದು. ತಟ್ಟೆಯಲ್ಲಿಟ್ಟ ಕಾಳು ಅದಕ್ಕೆ ಸಿಗುತ್ತಿರಲಿಲ್ಲ. ಆಳದ ಪಾತ್ರೆಯಲ್ಲಿ ತುಂಬಿಸಿಡಿ ಎಂದು ವೈದ್ಯೆ ಹೇಳಿದ ಮೇಲೆ, ಗುಂಡಿ ಹಾಕಿಡುವ ತನ್ನ ತಗಡಿನ ಡಬ್ಬಿಯನ್ನು ಖಾಲಿ ಮಾಡಿ ತೊಳೆದು ಅಂಚಿನವರೆಗೆ ಕಾಳು ಸುರಿದಳು. ಹಾಗೆ ತುಂಬಿದ್ದರೆ ಕೊಕ್ಕು ಎಲ್ಲಿ ಬಿದ್ದರೂ ಒಂದಲ್ಲ ಒಂದು ಕಾಳು ಬಾಯಿಗೆ ಬರುತ್ತಿತ್ತು. ತಪ್ಪಿದರೆ ಟಕ್. ಸಿಕ್ಕಿದರೆ ಸದ್ದಿಲ್ಲ. ಹೊರಗೆ ಮಲಗಿದಲ್ಲಿಂದಲೇ ಅವಳು ಲೆಕ್ಕ ಹಿಡಿಯುತ್ತಿದ್ದದ್ದು ಆ ಸದ್ದಿಲ್ಲದ್ದನ್ನು.

ಈ ನಡುವೆ ಅಂಗಡಿಯಲ್ಲಿ ಅವಳು ಒಂದು ಅಂಗಿಯ ಗುಂಡಿ ಬರುವ ಬದಿಗೂ ಕಾಜಗಳನ್ನೇ ಹಾಕಿಬಿಟ್ಟಳು. ಮಾಸ್ಟರ್ ಬೈಯಲಿಲ್ಲ. ಅಂಗಿ ಎತ್ತಿ ಬೆಳಕಿಗೆ ಹಿಡಿದು, “ಎರಡೂ ಕಡೆ ಬಾಗಿಲೇ ಆಯ್ತಲ್ಲಮ್ಮ, ಚಿಲಕ ಎಲ್ಲಿ?” ಎಂದರು. ಅವರು ಬೈಯದೆ ಹೋದದ್ದಕ್ಕೆ ಅವಳಿಗೆ ಅಳು ಬಂತು.

ಆ ಸುದ್ದಿ ಅಣ್ಣನ ಕಿವಿಗೂ ಬಿತ್ತು. ಮೆಟ್ಟಿಲ ಮೇಲೆ ಅವಳನ್ನು ತಡೆದು ನಿಲ್ಲಿಸಿದ. ಕೋಣೆಯ ಕಡೆ ನೋಡದೆ ಮಾತಾಡಿದ.

“ನಿನ್ನ ಮುಖ ಕನ್ನಡೀಲಿ ನೋಡ್ಕೊಂಡ್ಯಾ? ಹೊಳೇಲಿ ಹುಣಸೆಹಣ್ಣು ತೊಳೀತಾ ಕೂತಿದೀಯ.”

“ಮೊದ್ದು ಹುಷಾರಾಯ್ತಲ್ಲ.”

“ಮೊದ್ದು ಆಯ್ತು. ಬೂದಿ ಆಗ್ತಿಲ್ಲ. ಅದು ಹೆಂಗ್ ಹಾರ್ತಿತ್ತು ಅಂತ ನೋಡಿದೋನು ನಾನು. ಹಿಂಗೆ ಬದುಕ್ಸೋದು ಬದುಕ್ಸೋದಾ?” ಒಂದು ಮೆಟ್ಟಿಲು ಇಳಿದು, “ಭಾನುವಾರ ಬಂದು ನೋಡ್ತೀನಿ. ನೆಲದ ಮೇಲಿನ ಕಾಳು ತಾನಾಗೇ ಹೆಕ್ಕಿದ್ರೆ ಇರ್ಲಿ. ಇಲ್ದಿದ್ರೆ ತಗೊಂಡ್ ಹೋಗ್ತೀನಿ. ನೀನು ಅಡ್ಡ ಬರ್ಬಾರ್ದು.”

“ಆಯ್ತು,” ಎಂದಳು.

ಹೇಳಿದ ಮೇಲೆ ತನ್ನ ಮೇಲೆ ತನಗೇ ಆಶ್ಚರ್ಯವಾಯಿತು. ಎದೆಯೊಳಗೆ ಎಲ್ಲೋ ಒಂದು ಮೂಲೆ, ಭಾನುವಾರ ಎಲ್ಲ ಮುಗಿದರೆ ಸೋಮವಾರ ಹಾಸಿಗೆಯನ್ನು ಒಳಗೆ ಹಾಕಿಕೊಂಡು ಮಲಗಬಹುದು ಎಂದು ಆಗಲೇ ಯೋಚಿಸತೊಡಗಿತ್ತು. ಆ ಮೂಲೆಗೆ ಅವಳು ಬೈಯಲಿಲ್ಲ. ಅದಕ್ಕೂ ಸುಸ್ತಾಗಿತ್ತು ಪಾಪ.

ಆದರೂ ಆ ವಾರವೆಲ್ಲ ಅವಳು ಕೋಣೆಯ ನೆಲಕ್ಕೆ ಒರಟು ಬಟ್ಟೆ ಹಾಸಿ, ಕಾಳು ಉರುಳದ ಹಾಗೆ ಮಾಡಿ, ಬೂದಿಯ ಮುಂದೆ ಒಂದೊಂದೇ ಕಾಳಿಟ್ಟು ದೂರ ಕುಳಿತು ನೋಡಿದಳು. ಬೂದಿ ತಲೆ ಓರೆ ಮಾಡಿ ಕಾಳಿಗೆ ಕಣ್ಣಿಡುತ್ತಿತ್ತು, ಕುಟುಕುತ್ತಿತ್ತು, ಕಾಳಿನ ಪಕ್ಕದ ಬಟ್ಟೆಯನ್ನು. ಶುಕ್ರವಾರ ಒಂದು ಕಾಳು ಸಿಕ್ಕಿತು. ಶನಿವಾರ ಇನ್ನೊಂದೆರಡು. ನುಂಗಿದ ಮೇಲೆ ಅದು ತಾನೇನು ಮಾಡಿದೆ ಎಂದು ಗೊತ್ತಿಲ್ಲದ ಹಾಗೆ ಕಣ್ಣು ಮಿಟುಕಿಸುತ್ತ ನಿಂತಿತು.

ಭಾನುವಾರ ಅಣ್ಣ ಮಿಂದು ಬಂದ. ಮೊಳೆಯ ಮೇಲಿನ ತನ್ನದೇ ಹಳೆಯ ಅಂಗಿ ತೊಟ್ಟು ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕುಳಿತ. ಹಕ್ಕಿಗಳನ್ನು ಅಲ್ಲಿಟ್ಟ ಮೇಲೆ ಕೋಣೆಯೊಳಗೆ ಅವನು ಬಂದದ್ದು ಅದೇ ಮೊದಲು. ಮೂಲೆಯ ಪೆಟ್ಟಿಗೆ, ಗುಂಡಿ ಡಬ್ಬಿ, ಕಿಟಕಿಯ ಸಂದಿನ ಬಣ್ಣಬಣ್ಣದ ಚಿಂದಿ, ಎಲ್ಲವನ್ನೂ ಒಂದು ಸಲ ನೋಡಿದ. ಕಾಜದಕ್ಕ ಬೂದಿಯನ್ನು ಬಟ್ಟೆಯ ಮೇಲೆ ಬಿಟ್ಟು ನಾಲ್ಕು ಕಾಳು ಚೆಲ್ಲಿದಳು.

ಬೂದಿ ಒಂದು ಸುತ್ತು ಹಾಕಿತು. ಅರ್ಧ ಸುತ್ತು ಮತ್ತೆ. ಕುಟುಕಿತು, ತಪ್ಪಿತು. ಮತ್ತೆ ತಪ್ಪಿತು. ಮೂರನೆಯ ಸಲ ಕೊಕ್ಕು ಏಳುವಾಗ ಅದರ ತುದಿಯಲ್ಲಿ ಒಂದು ಕಾಳಿತ್ತು.

ಅಣ್ಣನ ಮುಖ ಅರಳಿತು. ತಾನು ಏನು ಮಾಡುತ್ತಿದ್ದೇನೆ ಎಂದು ಅರಿಯುವ ಮೊದಲೇ ಅವನ ಎರಡು ಬೆರಳು ಬಾಯಿಗೆ ಹೋದವು. ಎಷ್ಟೋ ವರ್ಷಗಳಿಂದ ಖುಷಿಗೆ ಅವನಿಗೆ ಗೊತ್ತಿದ್ದದ್ದು ಅದೊಂದೇ. ಸಣ್ಣದಾಗಿಯೇ ಸೀಟಿ ಹಾಕಿದ.

ಬೂದಿಗೆ ಆ ಸದ್ದು ಮರೆತಿರಲಿಲ್ಲ. ಬರಲು ರೆಕ್ಕೆ ಬಿಚ್ಚಿತು. ರೆಕ್ಕೆ ಒಂದು ಕಡೆ ಎಳೆಯಿತು, ಕತ್ತು ಇನ್ನೊಂದು ಕಡೆ ತಿರುಚಿತು. ತಲೆ ಬೆನ್ನಿಗೆ ಬಂದು, ಹಿಂದಕ್ಕೆ ಹಿಂದಕ್ಕೆ ಗಿರಕಿ ಹೊಡೆದು, ಗೋಡೆಗೆ ಬಡಿದು, ಬೆನ್ನಡಿಯಾಗಿ ಬಿದ್ದು ಕಾಲು ಒದೆಯಿತು. ಕಾಳು ಎಲ್ಲೋ ಹಾರಿ ಹೋಯಿತು.

ಕಾಜದಕ್ಕ ಸೆರಗನ್ನು ಅದರ ಮೇಲೆ ಹಾಕಿ ಎರಡೂ ಕೈಯಲ್ಲಿ ಬಳಸಿ ಎತ್ತಿ ಎದೆಗೆ ಒತ್ತಿಕೊಂಡಳು. ಬಟ್ಟೆಯೊಳಗೆ ಅದು ನಡುಗುತ್ತಿತ್ತು. ಅಣ್ಣ ಅವಳನ್ನು ನೋಡಲಿಲ್ಲ, ಕಿಟಕಿಯ ಚಿಂದಿಯನ್ನು ನೋಡುತ್ತಿದ್ದ.

“ಅದು ಇದಕ್ಕೇನಾ?” ಎಂದ ಕೊನೆಗೆ.

“ಹೂಂ.”

“ದಿನಾ ಸಂಜೆ ನಾನು ಮೇಲೆ ಸೀಟಿ ಹಾಕ್ದಾಗ್ಲೂ ಹಿಂಗೇನಾ?”

“ಚಿಂದಿ ಇಟ್ರೆ ಸ್ವಲ್ಪ ಕಮ್ಮಿ.”

“ಹೇಳೋಕೇನಾಗಿತ್ತು ನಿಂಗೆ?”

ಅವಳು ಹಕ್ಕಿಯ ತಲೆಯನ್ನು ಬಟ್ಟೆಯೊಳಗೇ ನೇರ ಮಾಡುತ್ತಿದ್ದಳು. “ಏನಂತ ಹೇಳ್ಲಿ ಅಣ್ಣ? ಬಂದು ಬಣ್ಣಾನೂ ತೊಳೀದೆ ಹತ್ತುತೀಯ. ಅಷ್ಟೂ ಬೇಡ ಅನ್ಲಾ?”

ಅವನು ಎದ್ದು ಹೊರಗೆ ಹೋದ. ಬರಿಗೈಯಲ್ಲಿ ಹೋದ. ಅವಳು ಬೂದಿಯನ್ನು ಪೆಟ್ಟಿಗೆಯಲ್ಲಿ ಡಬ್ಬಿಯ ಪಕ್ಕ ಕೂರಿಸಿ, ಬಾಗಿಲು ಎಳೆದುಕೊಂಡು, ಕೈ ತೊಳೆದು ಬಂದು ನೋಡಿದರೆ ಅಣ್ಣ ಮೆಟ್ಟಿಲ ಮೇಲೆ ಕುಳಿತಿದ್ದ. ಅಂಗಿ ಮಾತ್ರ ಮರೆಯದೆ ಮೊಳೆಗೆ ಹಾಕಿದ್ದ. ಅವಳೂ ಒಂದು ಮೆಟ್ಟಿಲು ಮೇಲೆ ಕುಳಿತಳು. ನೆಲದ ಕಾಳು ಹೆಕ್ಕಿತೋ ಇಲ್ಲವೋ ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ. ಕೆಳಗೆ ಅತ್ತಿಗೆ ಪಾತ್ರೆ ತೊಳೆಯುವ ಸದ್ದು ಬಂದು ನಿಂತಿತು. ಆಮೇಲೆ ಒಳಗಿನಿಂದ, ಟಕ್.

ಅಣ್ಣ ತಲೆ ಎತ್ತಿದ.

ಟಕ್. ಟಕ್. ಆಮೇಲೆ ಸದ್ದಿಲ್ಲ. ಕಾಜದಕ್ಕ ಆ ಸದ್ದಿಲ್ಲದ್ದನ್ನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

“ಟೀಚರ್ ಹೇಳ್ತಿದ್ದ ನಲ್ಲಿ ಇದೇನಾ?”

“ಇದೇ.”

“ರಿಪೇರಿ ಆಗೋ ಜಾತಿದಲ್ಲ ಬಿಡು,” ಎಂದು ಅಣ್ಣ ಮೊಣಕಾಲು ಒತ್ತಿಕೊಂಡು ಎದ್ದ. ಎರಡು ಮೆಟ್ಟಿಲು ಇಳಿದು ನಿಂತ. “ಇರ್ಲಿ. ನಾನು ಈ ಕಡೆ ಬರಲ್ಲ. ನೀನು ರಾತ್ರಿ ನಮ್ಮನೇಲಿ ಬಂದು ಮಲಕ್ಕೊ. ಸಂಜೆದು ಬಟಾಣಿ ನಿಮ್ಮತ್ತಿಗೆ ತಿನ್ನಿಸ್ತಾಳೆ, ನಾನು ಹೇಳ್ತೀನಿ.”

“ಹೇಳೋದ್ ನೀನು, ತಿನ್ಸೋದ್ ನಾನಾ?” ಎಂದು ಕೆಳಗಿನಿಂದ ಅತ್ತಿಗೆಯ ದನಿ ಬಂತು. ಆಗುವುದಿಲ್ಲ ಎಂದು ಮಾತ್ರ ಅನ್ನಲಿಲ್ಲ.

ಅಂದಿನಿಂದ ತಾರಸಿಯಲ್ಲಿ ಸೀಟಿ ಕೇಳಲಿಲ್ಲ. ಅಣ್ಣ ಒಂದು ಬಿಳಿ ಬಟ್ಟೆ ಹಿಡಿದು ಬೀಸುತ್ತಾನೆ. ಪಾರಿವಾಳಗಳಿಗೆ ಅದು ಅರ್ಥವಾಗುವುದಿಲ್ಲ. ಮೇಲೆ ಸುತ್ತುತ್ತಲೇ ಇರುತ್ತವೆ, ಕೆಲವು ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕುಳಿತು ಇವನನ್ನು ಯಾರೋ ಎಂಬಂತೆ ನೋಡುತ್ತವೆ. ಅವನು ತೋಳು ಸೋಲುವವರೆಗೆ ಬೀಸುತ್ತಾನೆ, ಕೈ ಬದಲಿಸಿ ಮತ್ತೆ ಬೀಸುತ್ತಾನೆ.

ಒಂದು ಸಂಜೆ ಅಂಗಡಿಯಿಂದ ಬಂದ ಕಾಜದಕ್ಕನನ್ನು ಮೆಟ್ಟಿಲ ಬುಡದಲ್ಲಿ ಟೀಚರ್ ನಿಲ್ಲಿಸಿಕೊಂಡರು. “ಏನಮ್ಮಾ, ನಿಮ್ಮಣ್ಣ ಮೇಲೆ ನಿಂತು ಯಾರಿಗೆ ಶರಣಾಗ್ತಿದಾನೆ ದಿನಾ?”

“ಹಕ್ಕಿಗಳಿಗೆ, ಟೀಚರ್.”

“ಒಂದು ಹಕ್ಕಿಗೋಸ್ಕರ ಇಷ್ಟೆಲ್ಲ. ನಿಜ ಹೇಳು, ಅದು ಇನ್ನು ಹಾರುತ್ತಾ?”

ಕಾಜದಕ್ಕ ಕೈಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಹಾಕಿಕೊಂಡು ಕತ್ತಿನ ಎಡಗಡೆ ತಿಕ್ಕಿಕೊಂಡಳು.

“ಹಾರೋದು ನಂಗೊತ್ತಿಲ್ಲ ಟೀಚರ್. ನಿನ್ನೆ ಅತ್ತಿಗೆ ಕೈಯಿಂದ ಬಟಾಣಿ ಕಿತ್ಕೊಂಡು ತಿಂತಂತೆ. ನಾನು ಏನಂದ್ಕೊಂಡಿದೀನಿ ಅಂದ್ರೆ, ಅದು ಹಾರದೇ ಹೋದ್ರೂ...” ಮೇಲೆ ಟಕ್ ಟಕ್ ಎನ್ನುತ್ತಿದ್ದದ್ದು ನಿಂತಿತ್ತು. ಅವಳು ತಲೆ ಓರೆ ಮಾಡಿ ಆಲಿಸಿದಳು. “ಡಬ್ಬೀಲಿ ಕಾಳು ಮುಗೀತೋ ಏನೋ,” ಎಂದು ಸೀರೆಯ ನೆರಿಗೆ ಎತ್ತಿ ಹಿಡಿದು ಮೆಟ್ಟಿಲು ಹತ್ತತೊಡಗಿದಳು, “ಹಾರದೇ ಹೋದ್ರೂ, ನಾಳೆ ಬೆಳಗ್ಗೆ ಅದು ತಾನಾಗೇ ಒಂದು ಕಾಳು ಹೆಕ್ಕಿದ್ರೆ ಸಾಕು ನಂಗೆ.”