ಬ್ಯಾಡ್ಜಿನ ಹಿಂಬದಿ

ಆಸ್ಪತ್ರೆಯ ಕಂಪ್ಯೂಟರ್‌ಗಳಿಗೆಲ್ಲ ಅವರೊಬ್ಬರೇ ದಿಕ್ಕು. ನರ್ಸುಗಳಿಂದ ಡಾಕ್ಟರರವರೆಗೆ ಎಲ್ಲರಿಗೂ ಅಕ್ಕ. ಈಚೆಗೆ ಅಲ್ಲಿ ಸಿದ್ಧವಾದ ರಕ್ತಪರೀಕ್ಷೆಯ ವರದಿ ಒಂದು ಗಂಟೆ ಕಳೆದ ಮೇಲಷ್ಟೇ ಪರದೆಯ ಮೇಲೆ ಕಾಣುತ್ತಿತ್ತು. ತಲೆ ಕೆರೆದುಕೊಂಡು ಸಾಕಾಗಿ ಅಕ್ಕ, ಕಂಪ್ಯೂಟರ್ ವೃತ್ತಿಯವರ ರಾಷ್ಟ್ರೀಯ ಸಮ್ಮೇಳನಕ್ಕೆ ಹೊರಟರು.

“ಅದೊಂದು ಸಂತೆ ಕಣೇ. ಊಟ ಮಾಡಿ, ಅವರು ಪುಕ್ಕಟೆ ಕೊಡೋ ಚೀಲ ತಗೊಂಡು ಬರ್ತೀಯ ಅಷ್ಟೆ,” ಎಂದು ಗಂಡ ನಕ್ಕರು.

ಅಲ್ಲಿ ಸಾವಿರಾರು ಜನ ಎದೆಯ ಬ್ಯಾಡ್ಜಿನಲ್ಲಿ ಹುದ್ದೆ ಮೆರೆಸುತ್ತಿದ್ದರು. ತೊಂದರೆ ಮುಚ್ಚಿಟ್ಟು ಬಿರುದು ತೋರಿಸುವ ಜಾಣತನ ಅಕ್ಕನಿಗೆ ಬಾರದು. ಬ್ಯಾಡ್ಜ್ ತಿರುಗಿಸಿ, ಹಿಂಬದಿಯಲ್ಲಿ ಬರೆದು, ಅದೇ ಕಾಣುವಂತೆ ಹಾಕಿಕೊಂಡರು: ‘ನಮ್ಮ ವರದಿಗಳು ಒಂದು ಗಂಟೆ ತಲೆಮರೆಸಿಕೊಳ್ಳುತ್ತವೆ. ನಿಮ್ಮಲ್ಲೂ ಹೀಗಾಗಿದೆಯೇ?’

ಓದಿದವರು ಮುಸಿಮುಸಿ ನಕ್ಕರು. ಟೀ ಸಾಲಿನಲ್ಲಿದ್ದ, ಗ್ರಂಥಾಲಯವೊಂದರ ಕಂಪ್ಯೂಟರ್ ನೋಡಿಕೊಳ್ಳುವವರೊಬ್ಬರು ಮಾತ್ರ ನಗಲಿಲ್ಲ.

“ನಮ್ಮಲ್ಲೂ ಆಗಿತ್ತು. ನಿಮ್ಮ ಲ್ಯಾಬಿನ ಕಂಪ್ಯೂಟರಿನ ಗಡಿಯಾರ ಒಂದು ಗಂಟೆ ಮುಂದಿರಬೇಕು, ನೋಡಿಸಿ. ವರದಿ ಮೇಲೆ ಒಂದು ಗಂಟೆ ಮುಂದಿನ ಹೊತ್ತು ಬೀಳುತ್ತೆ; ಆ ಹೊತ್ತು ಬರೋವರೆಗೂ ಉಳಿದ ಕಂಪ್ಯೂಟರ್‌ಗಳು ಅದನ್ನ ತೋರಿಸಲ್ಲ.”

ಅಕ್ಕ ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ಗಡಿಯಾರ ಸರಿಮಾಡಿಸಿದರು. ವರದಿಗಳು ಸಿದ್ಧವಾದ ಕೂಡಲೇ ಕಾಣತೊಡಗಿದವು.

ಮರುವರ್ಷದ ಸಮ್ಮೇಳನದ ಬ್ಯಾಡ್ಜಿನಲ್ಲಿ ಹೆಸರಿನ ಕೆಳಗೆ ಖಾಲಿ ಗೆರೆಯೊಂದಿತ್ತು. “ಇದೇನಮ್ಮ?” ಎಂದು ಅದನ್ನು ಕೊಟ್ಟ ಹುಡುಗಿಯನ್ನು ಅಕ್ಕ ಕೇಳಿದರು.

“ನಿಮ್ಮನ್ನ ಕಾಡ್ತಿರೋ ತೊಂದರೆ ಬರೀಬೇಕು ಮೇಡಂ. ಹೋದ ವರ್ಷ ಯಾರೋ ಬ್ಯಾಡ್ಜ್ ಹಿಂದೆ ಬರ್ಕೊಂಡು ಶುರು ಮಾಡಿದ್ರಂತೆ, ಈಗ ಎಲ್ಲರೂ ಬರೀತಾರೆ.”

“ಹೌದಾ? ಪೆನ್ನು ಕೊಡಮ್ಮ,” ಎಂದರು ಅಕ್ಕ.